ಮಾತ್ರೆಯ ಜೊತೆ ಮಾತೂ ಬೇಕು

"ಅಕ್ಕಾ, ಆ ಮಾತ್ರೆ ನನಗೆ ಆಗಿಬರಲಿಲ್ಲ. ಬಿಟ್ಟುಬಿಟ್ಟೆ."

ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಂಗನವಾಡಿಯ ಜಗುಲಿಯ ಮೇಲೆ ಕೂತು ಆಶಾ ಕಾರ್ಯಕರ್ತೆ ತಮ್ಮ ಡೈರಿ ತುಂಬುತ್ತಿದ್ದರು. ಎದುರಿಗೆ ನಿಂತವಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷ. ಸೊಂಟದ ಮೇಲೆ ಒಂದೂವರೆ ವರ್ಷದ ಮಗು.

"ಎಷ್ಟು ದಿನ ತಗೊಂಡೆ?"

"ಒಂಬತ್ತು ದಿನ. ಬೆಳಿಗ್ಗೆ ಎದ್ದು ನುಂಗಿದ್ರೆ ಮಧ್ಯಾಹ್ನದವರೆಗೂ ವಾಕರಿಕೆ. ನಮ್ಮತ್ತೆ, ಅದು ಹೀಟು ಕಣೇ, ಗರ್ಭಕೋಶ ಸುಟ್ಟುಹೋಗುತ್ತೆ, ಬಿಸಾಕು ಅಂದ್ರು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀವೂ ಏನೂ ಹೇಳಿರಲಿಲ್ವಲ್ಲ ಅಕ್ಕಾ."

ಆಶಾ ಕಾರ್ಯಕರ್ತೆ ಬರೆಯುವುದನ್ನು ನಿಲ್ಲಿಸಿದರು. ಆ ಹುಡುಗಿ ಹೇಳಿದ್ದು ನಿಜವಾಗಿತ್ತು. ಮಾತ್ರೆ ಕೈಗೆ ಬಂದಿತ್ತು, ಅದರ ಜೊತೆ ಬರಬೇಕಾಗಿದ್ದ ಮಾತು ಬಂದಿರಲಿಲ್ಲ. ರಾತ್ರಿ ಊಟವಾದ ಮೇಲೆ ತೆಗೆದುಕೋ, ಮೊದಲೆರಡು ತಿಂಗಳು ಸ್ವಲ್ಪ ವಾಕರಿಕೆ ಬರಬಹುದು, ಹೆದರಬೇಡ ಎಂಬ ಎರಡು ವಾಕ್ಯ ಆಕೆಗೆ ಸಿಕ್ಕಿದ್ದರೆ ಸಾಕಿತ್ತು. ಅವಳು ಆ ದಿನ ಅಂಗನವಾಡಿಗೆ ಬಂದದ್ದು ತಾಯಿ ಕಾರ್ಡ್ ಮಾಡಿಸಲು. ಎರಡನೆಯ ಮಗು ಆಗಲೇ ಹೊಟ್ಟೆಯಲ್ಲಿತ್ತು.

ಗರ್ಭನಿರೋಧಕ ಮಾತ್ರೆಯ ಅಡ್ಡಪರಿಣಾಮಗಳ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. "ಏನೂ ಆಗಲ್ಲ, ತಗೋ" ಎನ್ನುವುದು ಒಂದು, "ಅದು ವಿಷ, ಮುಟ್ಟಬೇಡ" ಎನ್ನುವುದು ಇನ್ನೊಂದು. ಎರಡೂ ಹೆಣ್ಣಿಗೆ ಅನ್ಯಾಯ ಮಾಡುತ್ತವೆ. ಮಾತ್ರೆ ಏನು ಮಾಡುತ್ತದೆ, ಯಾರಿಗೆ ತೊಂದರೆ ಕೊಡುತ್ತದೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂಬುದು ಅದನ್ನು ನುಂಗುವವಳಿಗೆ ತಿಳಿದಿರಬೇಕು.

ಇಪ್ಪತ್ತೆಂಟು ಮಾತ್ರೆಗಳ ಲೆಕ್ಕ

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಒಟ್ಟು 28 ಮಾತ್ರೆಗಳು. 21 ಬಿಳಿ ಮಾತ್ರೆಗಳಲ್ಲಿ ಹಾರ್ಮೋನು ಇದೆ. ಬೇರೆ ಬಣ್ಣದ 7 ಮಾತ್ರೆಗಳಲ್ಲಿ ಇರುವುದು ಬರೀ ಕಬ್ಬಿಣಾಂಶ. ಆ ಏಳು ದಿನಗಳಲ್ಲಿ ಮುಟ್ಟು ಬರುತ್ತದೆ, ದಿನಕ್ಕೊಂದು ಮಾತ್ರೆ ನುಂಗುವ ರೂಢಿಯೂ ತಪ್ಪುವುದಿಲ್ಲ. ಒಂದೊಂದು ಬಿಳಿ ಮಾತ್ರೆಯಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಾಡಿಯೋಲ್. ಮೊದಲನೆಯದು ಪ್ರೊಜೆಸ್ಟರಾನ್ ಜಾತಿಯದು, ಎರಡನೆಯದು ಈಸ್ಟ್ರೊಜೆನ್.

ಪ್ರತಿ ತಿಂಗಳೂ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸಂದೇಶ ಕಳಿಸಿದಾಗ ಒಂದು ಅಂಡ ಬಲಿತು ಹೊರಬರುತ್ತದೆ. ಮಾತ್ರೆಯ ಹಾರ್ಮೋನು ದಿನವೂ ರಕ್ತದಲ್ಲಿದ್ದರೆ ಆ ಸಂದೇಶ ಹೊರಡುವುದಿಲ್ಲ, ಅಂಡ ಬಿಡುಗಡೆಯಾಗುವುದಿಲ್ಲ. ಗರ್ಭಕೊರಳಿನ ಲೋಳೆ ಗಟ್ಟಿಯಾಗಿ ವೀರ್ಯಾಣುವಿಗೆ ದಾರಿ ಮುಚ್ಚುತ್ತದೆ. ಗರ್ಭಕೋಶದ ಒಳಪದರ ತೆಳ್ಳಗಾಗುತ್ತದೆ. ಒಂದು ದಿನವೂ ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ ನೂರು ಮಂದಿಯಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಮರೆವು, ಊರಿಗೆ ಹೋದಾಗ ಬಿಟ್ಟುಹೋಗುವುದು ಇವೆಲ್ಲ ಸೇರಿದಾಗ ಆ ಸಂಖ್ಯೆ ಏಳರ ಹತ್ತಿರ ಹೋಗುತ್ತದೆ.

ಇದೇ ಕೆಲಸದ ವಿಧಾನದಲ್ಲಿ ಅಡ್ಡಪರಿಣಾಮಗಳ ಮೂಲವೂ ಇದೆ. ಹಾರ್ಮೋನು ಗರ್ಭಕೋಶಕ್ಕೆ ಮಾತ್ರ ಹೋಗಿ ನಿಲ್ಲುವುದಿಲ್ಲ. ರಕ್ತದ ಜೊತೆ ಯಕೃತ್ತು, ಸ್ತನ, ಚರ್ಮ, ಮಿದುಳು ಎಲ್ಲವನ್ನೂ ಸುತ್ತುತ್ತದೆ.

ಮೊದಲ ಮೂರು ತಿಂಗಳು

ಮೊದಲಿಗೆ ಕಾಣುವುದು ವಾಕರಿಕೆ. ಇದು ಈಸ್ಟ್ರೊಜೆನ್ನಿನ ಕೆಲಸ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೆಚ್ಚು, ರಾತ್ರಿ ಊಟದ ನಂತರ ನುಂಗಿ ಮಲಗಿದರೆ ಕಡಿಮೆ. ಮಾತ್ರೆ ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು. ಸ್ತನಗಳು ಬಿಗಿದಂತಾಗಿ ಮುಟ್ಟಿದರೆ ನೋಯುವುದು, ಸಣ್ಣ ತಲೆನೋವು, ಹೊಟ್ಟೆ ಉಬ್ಬರ ಇವೂ ಬರಬಹುದು. ಬಹುಪಾಲು ಹೆಂಗಸರಲ್ಲಿ ಎರಡು ಮೂರು ತಿಂಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ.

ಹೆಚ್ಚು ಗಾಬರಿ ಹುಟ್ಟಿಸುವುದು ಮುಟ್ಟಿನ ದಿನವಲ್ಲದ ದಿನ ಒಳ ಉಡುಪಿನಲ್ಲಿ ಕಾಣುವ ರಕ್ತದ ಕಲೆ. ಒಳಪದರ ತೆಳ್ಳಗಾಗಿ ಅಲ್ಲಲ್ಲಿ ಕಳಚುವುದರಿಂದ ಹೀಗಾಗುತ್ತದೆ. ಮಾತ್ರೆ ತಪ್ಪಿಸಿದ ಮರುದಿನಗಳಲ್ಲಿ ಇದು ಇನ್ನೂ ಸಾಮಾನ್ಯ. ದಿನವೂ ಒಂದೇ ಹೊತ್ತಿಗೆ ಮಾತ್ರೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಮೂರು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ರಕ್ತ ಹೆಚ್ಚು ಹೋಗುತ್ತಿದ್ದರೆ, ವೈದ್ಯರಿಗೆ ತೋರಿಸಬೇಕು. ಕೆಲವರ ಕೆನ್ನೆಯ ಮೇಲೆ ಬಸುರಿಯರಲ್ಲಿ ಕಾಣುವಂಥದೇ ಬಂಗು ಮೂಡುತ್ತದೆ. ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಕಾಣಿಸಿಕೊಳ್ಳುತ್ತದೆ, ಮಾತ್ರೆ ನಿಲ್ಲಿಸಿದರೂ ಮಾಸಲು ಬಹಳ ದಿನ ಬೇಕು.

ದಪ್ಪಗಾಗುವ ಭಯ ಎಲ್ಲ ಕಡೆ ಇದೆ. ಮೈಯಲ್ಲಿ ನೀರು ನಿಂತು ಸ್ವಲ್ಪ ತೂಕ ಏರಿದಂತೆ ಅನಿಸಬಹುದು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಗಳಲ್ಲಿ ಈ ಮಾತ್ರೆ ದೊಡ್ಡ ಮಟ್ಟದಲ್ಲಿ ತೂಕ ಹೆಚ್ಚಿಸುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಗರ್ಭಕೋಶ "ಸುಟ್ಟುಹೋಗುವ" ಮಾತಿಗಂತೂ ಯಾವ ಆಧಾರವೂ ಇಲ್ಲ. ಮಾತ್ರೆ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಗರ್ಭ ಧರಿಸುವ ಶಕ್ತಿ ಹಿಂದಿನಂತೆಯೇ ಮರಳುತ್ತದೆ.

ಮನಸ್ಸಿನ ವಿಷಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಡೆನ್ಮಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ, ಹಾರ್ಮೋನು ಮಾತ್ರೆ ಆರಂಭಿಸಿದವರಲ್ಲಿ ಖಿನ್ನತೆಯ ಔಷಧಿಯ ಬಳಕೆ ಸ್ವಲ್ಪ ಹೆಚ್ಚು ಎಂದು ಕಂಡಿತು. ಹದಿಹರೆಯದವರಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿತ್ತು. ಮಾತ್ರೆಯೇ ಕಾರಣ ಎಂದು ಇದರಿಂದ ಪೂರ್ತಿ ಸಿದ್ಧವಾಗುವುದಿಲ್ಲ. ಆದರೆ "ಮಾತ್ರೆ ಶುರು ಮಾಡಿದಾಗಿನಿಂದ ಸುಮ್ಮಸುಮ್ಮನೆ ಅಳು ಬರುತ್ತೆ" ಎಂದು ಹೆಣ್ಣೊಬ್ಬಳು ಹೇಳಿದರೆ ಅದನ್ನು ಕಿವಿಗೊಟ್ಟು ಕೇಳಲು, ಬೇರೆ ವಿಧಾನ ಸೂಚಿಸಲು ಇಷ್ಟು ಸಾಕು.

ಕೇಳಿಸಿಕೊಳ್ಳದ ಹಳೆಯ ಕಥೆ

ಮಾತ್ರೆಯ ಚರಿತ್ರೆ ಆರಂಭವಾಗುವುದೇ ಕೇಳಿಸಿಕೊಳ್ಳದಿರುವುದರಿಂದ. 1956ರಲ್ಲಿ ಪೋರ್ಟೊ ರಿಕೊ ದ್ವೀಪದ ರಿಯೊ ಪಿಯೆದ್ರಾಸ್‌ನ ಬಡವರ ವಸತಿ ಸಮುಚ್ಚಯದಲ್ಲಿ ಮೊದಲ ದೊಡ್ಡ ಪ್ರಯೋಗ ನಡೆಯಿತು. ಅಲ್ಲಿನ ಉಸ್ತುವಾರಿ ವೈದ್ಯೆ ಎಡ್ರಿಸ್ ರೈಸ್-ರೇ ಮಾತ್ರೆ ತೆಗೆದುಕೊಂಡವರಲ್ಲಿ ಶೇ 17ರಷ್ಟು ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು ಇದೆ ಎಂದು ವರದಿ ಮಾಡಿದರು. ಅಡ್ಡಪರಿಣಾಮ ಇಷ್ಟಿರುವ ಮಾತ್ರೆಯನ್ನು ಎಲ್ಲರೂ ಒಪ್ಪುವುದು ಕಷ್ಟ ಎಂದೂ ಎಚ್ಚರಿಸಿದರು. ಪ್ರಯೋಗದ ರೂವಾರಿಗಳಾದ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಆ ದೂರುಗಳಿಗೆ ಬೆಲೆ ಕೊಡಲಿಲ್ಲ. ಬಹುಪಾಲು ಮನಸ್ಸಿನ ಕಲ್ಪನೆ ಎಂದುಕೊಂಡರು. ಎನೋವಿಡ್ ಎಂಬ ಆ ಮಾತ್ರೆಯಲ್ಲಿ ಈಸ್ಟ್ರೊಜೆನ್ ಸುಮಾರು 0.15 ಮಿಲಿಗ್ರಾಂ ಇತ್ತು. ಇಂದಿನ ಮಾಲಾ-ಎನ್‌ನಲ್ಲಿ ಇರುವುದು 0.03. ಆ ಹೆಂಗಸರು ಹೇಳಿದ್ದು ಕಲ್ಪನೆಯಾಗಿರಲಿಲ್ಲ.

1960ರಲ್ಲಿ ಅಮೆರಿಕ ಅದನ್ನು ಗರ್ಭನಿರೋಧಕವಾಗಿ ಒಪ್ಪಿತು. ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು ಒಂದೊಂದಾಗಿ ಹೊರಬಂದವು. 1969ರಲ್ಲಿ ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಇದನ್ನೆಲ್ಲ ಪುಸ್ತಕವಾಗಿ ಬರೆದರು. ಮರುವರ್ಷ ಸೆನೆಟರ್ ಗೇಲಾರ್ಡ್ ನೆಲ್ಸನ್ ನಡೆಸಿದ ವಿಚಾರಣೆಯಲ್ಲಿ ಮಾತ್ರೆ ನುಂಗಿದ ಒಬ್ಬ ಹೆಣ್ಣನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಆಲಿಸ್ ವುಲ್ಫ್‌ಸನ್ ಮತ್ತು ಸಂಗಾತಿಗಳು ಸಭಾಂಗಣದಲ್ಲೇ ಎದ್ದುನಿಂತು ಪ್ರಶ್ನೆ ಕೇಳಿದರು. ಪರಿಣಾಮಗಳನ್ನು ವಿವರಿಸುವ ಚೀಟಿಯನ್ನು ಮಾತ್ರೆಯ ಜೊತೆ ಕೊಡಬೇಕೆಂಬ ನಿಯಮ 1970ರಲ್ಲಿ ಬಂದದ್ದು ಈ ಗಲಾಟೆಯಿಂದ. ಹೆಂಗಸರು ಜಗಳವಾಡಿ ಪಡೆದ ಆ ಚೀಟಿಯ ವಂಶದ್ದೇ ಇಂದು ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಪೊಟ್ಟಣದೊಳಗೂ ಮಡಚಿಕೊಂಡು ಕೂತಿರುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ.

ಅಪರೂಪ, ಆದರೆ ಜೀವದ ಪ್ರಶ್ನೆ

ನಿಜವಾಗಿ ಹೆದರಬೇಕಾದದ್ದು ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆಗೆ. ಈಸ್ಟ್ರೊಜೆನ್ ಯಕೃತ್ತಿನ ಮೇಲೆ ಪ್ರಭಾವ ಬೀರಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಮೀನಖಂಡದ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಿ, ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಎಷ್ಟು ಮಂದಿಗೆ? ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತು. ಮಾತ್ರೆ ತೆಗೆದುಕೊಳ್ಳದ, ಬಸುರಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಐದರಿಂದ ಏಳು ಮಂದಿಗೆ. ಡ್ರೊಸ್ಪಿರೆನೋನ್, ಡೆಸೊಜೆಸ್ಟ್ರೆಲ್‌ನಂಥ ಹೊಸ ಹಾರ್ಮೋನುಗಳ ಮಾತ್ರೆಗಳಲ್ಲಿ ಒಂಬತ್ತರಿಂದ ಹನ್ನೆರಡು ಮಂದಿಗೆ. ದುಬಾರಿ ಮಾತ್ರೆ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತನ್ನೂ ಇದರ ಪಕ್ಕದಲ್ಲೇ ಇಡಬೇಕು. ಬಸುರಿನಲ್ಲಿ, ಅದಕ್ಕಿಂತಲೂ ಬಾಣಂತನದ ಮೊದಲ ವಾರಗಳಲ್ಲಿ, ಹೆಪ್ಪುಗಟ್ಟುವ ಅಪಾಯ ಮಾಲಾ-ಎನ್‌ನಂಥ ಮಾತ್ರೆಯದಕ್ಕಿಂತ ಹೆಚ್ಚು.

ಈ ಅಂಕಿಗಳನ್ನು ತಪ್ಪಾಗಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಪಾಠ ಕಲಿತಿದೆ. ಕೆಲವು ಮಾತ್ರೆಗಳಿಂದ ಹೆಪ್ಪುಗಟ್ಟುವ ಅಪಾಯ "ಎರಡು ಪಟ್ಟು" ಎಂಬ ಸುದ್ದಿ 1995ರ ಅಕ್ಟೋಬರಿನಲ್ಲಿ ಅಲ್ಲಿ ಹಬ್ಬಿತು. ವಾಸ್ತವವಾಗಿ ಅದು 7,000ಕ್ಕೆ ಒಬ್ಬರಿಂದ 7,000ಕ್ಕೆ ಇಬ್ಬರಿಗೆ ಏರಿತ್ತು. ಗಾಬರಿಯಲ್ಲಿ ಹೆಂಗಸರು ರಾತ್ರೋರಾತ್ರಿ ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು. ಅರ್ಧ ಹೇಳಿದ ಸತ್ಯವೂ ಹೆಣ್ಣಿನ ಮೈಮೇಲೇ ಬಂದು ಬೀಳುತ್ತದೆ.

ಕ್ಯಾನ್ಸರಿನ ಲೆಕ್ಕವೂ ಹೀಗೆಯೇ ಎರಡು ಬದಿಯದು. ಡೆನ್ಮಾರ್ಕಿನಲ್ಲಿ 18 ಲಕ್ಷ ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಾರ್ಮೋನು ಗರ್ಭನಿರೋಧಕ ಬಳಸುವ ಸುಮಾರು 7,690 ಹೆಂಗಸರಲ್ಲಿ ವರ್ಷಕ್ಕೆ ಒಂದು ಸ್ತನ ಕ್ಯಾನ್ಸರ್ ಪ್ರಕರಣ ಹೆಚ್ಚು. ಐದು ವರ್ಷ ಮೀರಿ ಬಳಸಿದರೆ ಗರ್ಭಕೊರಳಿನ ಕ್ಯಾನ್ಸರ್ ಕೂಡ ಸ್ವಲ್ಪ ಹೆಚ್ಚು. ಅದೇ ಮಾತ್ರೆ ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ತಗ್ಗಿಸುತ್ತದೆ. ಈ ರಕ್ಷಣೆ ಮಾತ್ರೆ ಬಿಟ್ಟ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ.

ಯಾರಿಗೆ ಈ ಮಾತ್ರೆ ಬೇಡ

ರಕ್ತದೊತ್ತಡ ಹೆಚ್ಚಿರುವವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಅಥವಾ ಹೃದಯದ ತೊಂದರೆ ಆದವರು, ಯಕೃತ್ತಿನ ಗಂಭೀರ ಕಾಯಿಲೆ ಅಥವಾ ಸ್ತನ ಕ್ಯಾನ್ಸರ್ ಇರುವವರು ಈಸ್ಟ್ರೊಜೆನ್ ಇರುವ ಮಾತ್ರೆ ತೆಗೆದುಕೊಳ್ಳಬಾರದು. 35 ದಾಟಿ ಬೀಡಿ, ಸಿಗರೇಟು ಸೇದುವವರಿಗೂ ಬೇಡ. ಅರೆತಲೆನೋವು ಬರುವ ಮುನ್ನ ಕಣ್ಣ ಮುಂದೆ ಮಿಂಚಿನಂಥ ಅಂಕುಡೊಂಕು ಗೆರೆ ಕಾಣುವವರಿಗೆ ಪಾರ್ಶ್ವವಾಯುವಿನ ಅಪಾಯ ಇರುವುದರಿಂದ ಅವರಿಗೂ ಬೇಡ. ಮಗುವಿಗೆ ಆರು ತಿಂಗಳಾಗುವವರೆಗೆ ಹಾಲೂಡಿಸುವ ತಾಯಂದಿರು ಬೇರೆ ವಿಧಾನ ಆರಿಸಿಕೊಳ್ಳಬೇಕು.

ಬೇರೆ ಔಷಧಿಯ ಜೊತೆಗಿನ ತಿಕ್ಕಾಟವೂ ಇದೆ. ಕ್ಷಯಕ್ಕೆ ಕೊಡುವ, ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್ ಗರ್ಭನಿರೋಧಕ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹಾಗೆಯೇ. ಇಂಥ ಹೊತ್ತಿನಲ್ಲಿ ಮಾತ್ರೆ ನುಂಗಿದರೂ ಗರ್ಭ ನಿಲ್ಲಬಹುದು.

ಹಬ್ಬದ ಹಿಂದಿನ ವಾರ

ಗೌರಿ ಹಬ್ಬಕ್ಕೋ ಮನೆಯ ಮದುವೆಗೋ ತಿರುಪತಿ ಪ್ರಯಾಣಕ್ಕೋ ವಾರವಿರುವಾಗ ಮೆಡಿಕಲ್ ಶಾಪಿನ ಮುಂದೆ ದನಿ ತಗ್ಗಿಸಿ ಕೇಳುವ ಮಾತೊಂದಿದೆ: "ಅಣ್ಣಾ, ಮುಂದಕ್ಕೆ ಹೋಗೋ ಮಾತ್ರೆ ಕೊಡಿ." ಅಂಗಡಿಯವರು ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ವಯಸ್ಸು, ರಕ್ತದೊತ್ತಡ, ತಲೆನೋವು ಏನನ್ನೂ ಕೇಳುವುದಿಲ್ಲ. ಅದು ನಾರ್‌ಎಥಿಸ್ಟೆರೋನ್. ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ, ಮುಟ್ಟು ಬರುವ ಮೂರು ದಿನ ಮೊದಲಿನಿಂದ ತೆಗೆದುಕೊಳ್ಳುತ್ತಾರೆ. ಇಷ್ಟು ಪ್ರಮಾಣದಲ್ಲಿ ನುಂಗಿದಾಗ ದೇಹ ಅದರ ಒಂದಂಶವನ್ನು ಈಸ್ಟ್ರೊಜೆನ್ ಆಗಿ ಬದಲಿಸಿಕೊಳ್ಳುತ್ತದೆ. ಹಾಗಾಗಿ ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಇದೂ ಸಲ್ಲದು. ಕಾಲು ಮಡಚಿ ಕೂತು ರಾತ್ರಿಯಿಡೀ ಬಸ್ಸಿನಲ್ಲಿ ಹೋಗುವ ಪ್ರಯಾಣಕ್ಕೆಂದೇ ಇದನ್ನು ನುಂಗುವವರು ಈ ಮಾತನ್ನು ಗಮನಿಸಬೇಕು. ಇದನ್ನು ಹೀಗೆ ತೆಗೆದುಕೊಂಡಾಗ ಗರ್ಭನಿರೋಧಕವೆಂದು ನಂಬುವಂತೆಯೂ ಇಲ್ಲ.

ಕಾಲೇಜು ಹುಡುಗಿಯರ ಕೈಯಲ್ಲಿರುವ "ಪಿಸಿಓಡಿ ಮಾತ್ರೆ"ಯೂ ಬಹಳ ಸಲ ಗರ್ಭನಿರೋಧಕ ಮಾತ್ರೆಯೇ. ಮುಟ್ಟು ಸರಿಪಡಿಸಲು, ಮುಖದ ಮೊಡವೆ, ಕೂದಲು ಕಡಿಮೆ ಮಾಡಲು ವೈದ್ಯರು ಬರೆದುಕೊಡುತ್ತಾರೆ, ಅದರಿಂದ ಉಪಯೋಗವೂ ಇದೆ. ಆದರೆ ಅದೇನೆಂದು ಹುಡುಗಿಗೆ, ಅವಳ ಅಮ್ಮನಿಗೆ ಹೇಳಿರಬೇಕು. ಕಾಲು ಊದಿಕೊಂಡು ಬೇರೆ ವೈದ್ಯರ ಬಳಿ ಹೋದಾಗ "ನಾನು ಹಾರ್ಮೋನು ಮಾತ್ರೆ ತಗೋತಿದ್ದೀನಿ" ಎಂದು ಹೇಳಲು ಅವಳಿಗೆ ತಿಳಿದಿರಬೇಕಲ್ಲ.

ತುರ್ತು ಮಾತ್ರೆ ಬೇರೆಯೇ ಬಗೆಯದು. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ಲನ್ನು ಅಸುರಕ್ಷಿತ ಸಂಭೋಗವಾದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ತೆಗೆದುಕೊಳ್ಳಬೇಕು. ಆ ತಿಂಗಳ ಮುಟ್ಟು ಹಿಂದೆ ಮುಂದೆ ಆಗಬಹುದು. ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ತಿಂಗಳ ಮಾತ್ರೆಗೆ ಬದಲಾಗಿ ಪದೇ ಪದೇ ನುಂಗುವಂಥದೂ ಅಲ್ಲ.

ಆಯ್ಕೆಯ ಹಕ್ಕು

ಮಾಲಾ-ಎನ್ ಹೊಂದದಿದ್ದರೆ ದಾರಿ ಮುಗಿಯಿತು ಎಂದಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಸೆಂಟ್‌ಕ್ರೋಮನ್ ಸ್ಟೆರಾಯ್ಡ್ ಹಾರ್ಮೋನು ಇಲ್ಲದ ಮಾತ್ರೆ. ಸಹೇಲಿ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದ ಅದು ಈಗ ಛಾಯಾ ಎಂಬ ಹೆಸರಿನಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲೂಡಿಸುವವರೂ ತೆಗೆದುಕೊಳ್ಳಬಹುದು, ವಾಕರಿಕೆಯ ಕಾಟ ಕಡಿಮೆ. ಇದರ ಅಡ್ಡಪರಿಣಾಮವೆಂದರೆ ಮುಟ್ಟು ತಡವಾಗುವುದು. ಇದನ್ನು ಮೊದಲೇ ಹೇಳದಿದ್ದರೆ ಹೆಣ್ಣು ಗರ್ಭ ನಿಂತಿತೆಂದು ಗಾಬರಿಬೀಳುತ್ತಾಳೆ. ಹದಿನೈದು ದಿನಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಿದರಾಯಿತು. ಪಿಸಿಓಡಿ ಇರುವವರಿಗೆ ಮಾತ್ರ ಛಾಯಾ ಬೇಡ. ನಮ್ಮ ಹಳ್ಳಿಗಳಲ್ಲಿ ವಂಕಿ ಎಂದೇ ಕರೆಯುವ ಕಾಪರ್-ಟಿ ಇದೆ, ಅಂತರಾ ಚುಚ್ಚುಮದ್ದಿದೆ, ಕಾಂಡೋಮ್ ಇದೆ. ಗಂಡಸರ ಸರಳ ಶಸ್ತ್ರಚಿಕಿತ್ಸೆಯೂ ಇದೆ.

ಇಷ್ಟೆಲ್ಲ ಇದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಹೆಣ್ಣುಮಕ್ಕಳ ಆಪರೇಷನ್ನನ್ನೇ ನೆಚ್ಚಿಕೊಂಡವರು. ಎರಡು ಹೆರಿಗೆಯ ನಡುವೆ ಅಂತರ ಬೇಕೆಂದಾಗ ಧೈರ್ಯವಾಗಿ ಬಳಸುವ ವಿಧಾನ ಸಿಗದೆ, ಬೇಗ ಬೇಗ ಹೆತ್ತು ಮುಗಿಸಿ ಆಪರೇಷನ್ ಮಾಡಿಸಿಕೊಂಡವರು ಇವರಲ್ಲಿ ಬಹಳ ಮಂದಿ ಎಂದು ಊರೂರಿನ ಆಶಾ ಕಾರ್ಯಕರ್ತೆಯರು ಬಲ್ಲರು. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದು ಜಗತ್ತಿಗೆ ಮೇಲ್ಪಂಕ್ತಿ ಹಾಕಿತ್ತು. ಅಂಥ ನಾಡಿನಲ್ಲಿ ಇಂದಿಗೂ ಮಾತ್ರೆ ತಲುಪಿದ ಕಡೆಗೆಲ್ಲ ತಿಳಿವಳಿಕೆ ತಲುಪಿಲ್ಲ ಎಂಬುದು ನೋವಿನ ಸಂಗತಿ. ಆಶಾ ಕಾರ್ಯಕರ್ತೆಗೆ ಬರೀ ಸ್ಟ್ರಿಪ್ ಹಂಚುವ ಗುರಿ ಕೊಟ್ಟರೆ ಸಾಲದು. ಕೂತು ಮಾತಾಡುವ ಸಮಯ, ಕನ್ನಡದಲ್ಲಿ ದಪ್ಪ ಅಕ್ಷರದ ಚೀಟಿ, ಬಿಪಿ ನೋಡುವ ಯಂತ್ರ ಮೂರನ್ನೂ ಕೊಡಬೇಕು.

ಕೊನೆಯದಾಗಿ ಓದುಗರಿಗೆ ಕೆಲವು ಮಾತು. ಈ ಪುಟವನ್ನು ಕತ್ತರಿಸಿ ಇಟ್ಟುಕೊಂಡರೂ ಸರಿಯೇ.

ಮೊದಲ ಸ್ಟ್ರಿಪ್ ಆರಂಭಿಸುವ ಮುನ್ನ ರಕ್ತದೊತ್ತಡ ನೋಡಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೆಪ್ಪುಗಟ್ಟಿದ್ದರೆ ವೈದ್ಯರಿಗೆ ಹೇಳಿ. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ. ಎರಡೋ ಹೆಚ್ಚೋ ತಪ್ಪಿದ್ದರೆ ಕೊನೆಯದಾಗಿ ತಪ್ಪಿದ್ದನ್ನು ನುಂಗಿ, ಮುಂದಿನ ಏಳು ದಿನ ಕಾಂಡೋಮ್ ಕೂಡ ಬಳಸಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು ಅಥವಾ ಏಕಾಏಕಿ ಉಸಿರು ಕಟ್ಟುವುದು, ಹಿಂದೆಂದೂ ಬಾರದಂಥ ತಲೆನೋವು, ದೃಷ್ಟಿ ಮಂಜಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಹೊಟ್ಟೆಯಲ್ಲಿ ತಡೆಯಲಾಗದ ನೋವು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಹೋಗಿ. ಮಾತ್ರೆ ನುಂಗುತ್ತಿರುವುದನ್ನು ಅಲ್ಲಿ ಮರೆಯದೆ ಹೇಳಿ.

ಹೆಂಡತಿ, ಸೊಸೆ, ಮಗಳು "ಈ ಮಾತ್ರೆ ನನಗೆ ಆಗ್ತಿಲ್ಲ" ಎಂದರೆ ಮನೆಯವರು ನಂಬಬೇಕು. ಬಿಸಾಕು ಎಂದು ಹೇಳಿ ಕೈತೊಳೆದುಕೊಳ್ಳದೆ, ಬೇರೆ ವಿಧಾನ ಕೇಳಲು ಅವಳ ಜೊತೆ ಆಸ್ಪತ್ರೆಯವರೆಗೆ ಹೋಗಬೇಕು. ಬಿಪಿ ನೋಡಲು ಎರಡು ನಿಮಿಷ ಸಾಕು, ಅವಳ ಮಾತು ಕೇಳಲು ಹತ್ತು ನಿಮಿಷ. ದಯವಿಟ್ಟು ಅಷ್ಟು ಸಮಯ ಅವಳಿಗೆ ಕೊಡಿ.